ವಿಡಿಯೊ, ಫೋನ್, ಚಾಟ್: ಡಾಕ್ಟರ ಜೊತೆ ಯಾವುದರಲ್ಲಿ ಮಾತಾಡೋದು?

ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಹೋಗಿ, ಐದು ನಿಮಿಷ ಮಾತಾಡಿ ಬರುವ ಬದಲು ಮನೆಯಿಂದಲೇ ಡಾಕ್ಟರನ್ನು ಕೇಳಬಹುದು. 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿ ವಿಡಿಯೊ, ಫೋನ್, ಚಾಟ್ ಮೂರನ್ನೂ ಒಪ್ಪುತ್ತದೆ. ಆದರೆ ಮೂರೂ ಒಂದೇ ಅಲ್ಲ.

ಹೊಸ ತೊಂದರೆ ಆದರೆ ವಿಡಿಯೊನೇ ಸರಿ. ಮಗುವಿನ ಮೈಮೇಲಿನ ದದ್ದು, ಕಣ್ಣಿನ ಕೆಂಪು, ಇವನ್ನೆಲ್ಲ ಬಾಯಲ್ಲಿ ವಿವರಿಸೋದು ಕಷ್ಟ, ಅಲ್ವಾ? ಇನ್ನೊಂದು ಕಾರಣವೂ ಇದೆ. ಮೊದಲ ಸಲದ ರೋಗಿಗೆ ಕೆಲವು ಔಷಧಿಗಳನ್ನು ವಿಡಿಯೊದಲ್ಲಿ ನೋಡಿದ ಮೇಲೆ ಮಾತ್ರ ಬರೆಯಬಹುದು. ಫೋನ್ ಸಲಹೆಗೆ ದುಡ್ಡು ಕಟ್ಟಿ ಆಮೇಲೆ ಇದು ಗೊತ್ತಾದರೆ ಬೇಜಾರಾಗುತ್ತದೆ. ನಿದ್ರೆ ಮಾತ್ರೆಯಂಥ ಕೆಲವನ್ನಂತೂ ಆನ್‌ಲೈನ್‌ನಲ್ಲಿ ಬರೆಯುವ ಹಾಗೇ ಇಲ್ಲ.

ಬಿಪಿ, ಶುಗರ್ ಇರುವವರು ತಮ್ಮ ಹಳೆಯ ಡಾಕ್ಟರ ಜೊತೆ ಮಾತಾಡಲು ಫೋನ್ ಸಾಕು. ವಯಸ್ಸಾದವರಿಗೆ ಆ್ಯಪ್‌ಗಿಂತ ಇದೇ ಸಲೀಸು. ಮನೆಯಲ್ಲಿ ನೋಡಿದ ರೀಡಿಂಗ್‌ಗಳನ್ನು ಬರೆದಿಟ್ಟುಕೊಂಡು ಕೂರಿ.

ಚಾಟ್ ನನಗೆ ರಿಪೋರ್ಟ್ ಕಳಿಸೋಕೆ ಮಾತ್ರ ಇಷ್ಟ. ಉತ್ತರ ತಡವಾಗಬಹುದು, ಡಾಕ್ಟರು ಮರುಪ್ರಶ್ನೆ ಕೇಳೋದೂ ಕಡಿಮೆ.

ಖರ್ಚಿನ ಚಿಂತೆ ಇದ್ದರೆ ಸರ್ಕಾರದ ಆನ್‌ಲೈನ್ ಡಾಕ್ಟರ್ ಸೇವೆ ಇ-ಸಂಜೀವಿನಿ ಉಚಿತ. ಮನಸ್ಸಿನ ನೋವಿಗೆ ಟೆಲಿ-ಮಾನಸ್ ಸಹಾಯವಾಣಿಯ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಅದೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ.

ಯಾವುದೇ ಆಗಲಿ, ಚೀಟಿಯಲ್ಲಿ ಡಾಕ್ಟರ ನೋಂದಣಿ ಸಂಖ್ಯೆ ಇದೆಯಾ ನೋಡಿ. ಎದೆನೋವು, ಉಸಿರಾಟದ ಕಷ್ಟ, ಮಾತು ತೊದಲುವುದು ಕಂಡರೆ ವಿಡಿಯೊ, ಫೋನ್, ಚಾಟ್ ಮೂರೂ ಬೇಡ. ತಕ್ಷಣ 108ಕ್ಕೆ ಫೋನ್ ಮಾಡಿ.