ಸಬ್‌ಕಾಂಟ್ರ್ಯಾಕ್ಟರ್‌ಗೆ ಸಾಲ: ಬ್ಯಾಂಕಾ, ಫೈನಾನ್ಸ್ ಕಂಪನಿಯಾ?

ಕಲಬುರಗಿಯಲ್ಲಿ ವೈರಿಂಗ್, ಪ್ಲಂಬಿಂಗ್, ಸೆಂಟ್ರಿಂಗ್ ಕೆಲಸ ಹಿಡಿಯುವವರಿಗೆ ಬ್ಯಾಂಕ್ ಸಾಲ ನಿಧಾನ, ಬಡ್ಡಿ ಕಡಿಮೆ. ಐಟಿಆರ್ (ಆದಾಯ ತೆರಿಗೆ ರಿಟರ್ನ್), ಜಿಎಸ್‌ಟಿ ರಿಟರ್ನ್, ಸಿಬಿಲ್ (ಹಳೆ ಸಾಲ ತೀರಿಸಿದ ರೀತಿಗೆ ಸಿಗುವ ಅಂಕ) ಎಲ್ಲ ಕೇಳುತ್ತಾರೆ. ಸಣ್ಣ ಉದ್ಯಮಕ್ಕಿರುವ ಕೇಂದ್ರದ ಮುದ್ರಾ ಸಾಲದಲ್ಲಿ 10 ಲಕ್ಷದವರೆಗೆ ಅಡಮಾನ ಬೇಡ. ಮೇಲಿನ ಕಾಂಟ್ರ್ಯಾಕ್ಟರ್ ಬಿಲ್ಲಿನಲ್ಲಿ 1% ಟಿಡಿಎಸ್ (ಮೊದಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿದರೆ ಸುಮ್ನೆ ಗೊಣಗಬೇಡಿ. ಅದು ತೆರಿಗೆ ಇಲಾಖೆಯಲ್ಲಿರುವ ನಿಮ್ಮ ತೆರಿಗೆ ಲೆಕ್ಕದ ಪಟ್ಟಿಯಲ್ಲಿ (26ಎಎಸ್) ಕಾಣುತ್ತದೆ. ಕೆಲಸ ಮಾಡಿದ್ದೀರಿ ಅನ್ನುವುದಕ್ಕೆ ಒಳ್ಳೆ ಸಾಕ್ಷಿ. ಕೈಗೆ ತಗೊಂಡ ಕ್ಯಾಶ್ ಮಾತ್ರ ಲೆಕ್ಕಕ್ಕೇ ಬರುವುದಿಲ್ಲ.

ಫೈನಾನ್ಸ್ ಕಂಪನಿಯವರು ಮುಖ್ಯವಾಗಿ ಖಾತೆಯ ಸ್ಟೇಟ್‌ಮೆಂಟ್ ನೋಡುತ್ತಾರೆ. ಚೆಕ್ ಬೌನ್ಸ್ ಇದ್ದರೆ ಕಷ್ಟ. ಇಲ್ಲದಿದ್ದರೆ ಬೇಗ ಸಿಗುತ್ತದೆ. ‘ಫ್ಲಾಟ್ 12%’ ಅಂದರೆ ಹುಷಾರ್! ಅಸಲು ತೀರುತ್ತಾ ಬಂದರೂ ಬಡ್ಡಿ ಮಾತ್ರ ಮೊದಲಿನ ಪೂರ್ತಿ ಸಾಲದ ಮೇಲೇ. ಒಂದು ವರ್ಷದ ತಿಂಗಳ ಕಂತಿನಲ್ಲಿ ಅದು ನಿಜಕ್ಕೂ 21%ಕ್ಕಿಂತ ಜಾಸ್ತಿ ಬೀಳುತ್ತದೆ.

ಬಿಲ್ ಪಾಸಾಗಿದೆ, ದುಡ್ಡು ತಡವಾಗಿದೆ, ಶನಿವಾರ ಕೂಲಿ ಬಟವಾಡೆ ಮಾಡಬೇಕು ಅಂದರೆ ಫೈನಾನ್ಸ್ ನಡೆಯುತ್ತದೆ. ಮಷಿನ್ ಕೊಳ್ಳಲು ನನ್ನ ಪ್ರಕಾರ ಬ್ಯಾಂಕೇ ಸರಿ.