ಹಳೇ ಇನೋವಾಗೆ ಟೈಮಿಂಗ್ ಬೆಲ್ಟ್: ಷೋರೂಮು, ಮಾರ್ಕೆಟ್ ಕಿಟ್, ನಮ್ಮ ಮೇಸ್ತ್ರಿ

ಮೊದಲೇ ಹೇಳಿಬಿಡುತ್ತೇನೆ. ಲಕ್ಷಗಟ್ಟಲೆ ಕಿಲೋಮೀಟರ್ ಓಡಿದ ಡೀಸೆಲ್ ಇನೋವಾಗೆ ಟೈಮಿಂಗ್ ಬೆಲ್ಟ್ (ಪಿಸ್ಟನ್ನಿನ ತಾಳಕ್ಕೆ ವಾಲ್ವುಗಳನ್ನು ತೆರೆದು ಮುಚ್ಚಿಸುವ ಹಲ್ಲಿನ ಬೆಲ್ಟ್) ಹಾಕಿಸಬೇಕು ಅಂದರೆ, ಕಂಪನಿ ಪಾರ್ಟನ್ನು ಕೌಂಟರಿನಲ್ಲಿ ನೀವೇ ಬಿಲ್ ಸಮೇತ ತಗೊಳ್ಳಿ. ನಂಬಿಕೆಯ ಮೇಸ್ತ್ರಿ ಹತ್ತಿರ, ಎದುರಿಗೆ ನಿಂತು ಹಾಕಿಸಿ. ಬೆಲ್ಟ್ ಜೊತೆ ಅದನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್, ಅದು ಉರುಳುವ ಐಡ್ಲರ್ ಬೇರಿಂಗ್ ಎರಡೂ ಹೊಸದೇ ಆಗಬೇಕು. ನಾನು ಷೋರೂಮಿನಲ್ಲಿ ಮಾಡಿಸಿದ್ದೇನೆ, ಮಾರ್ಕೆಟ್ ಕಿಟ್ (ಬೇರೆಯವರು ಮಾಡಿದ ಅಗ್ಗದ ಸೆಟ್) ಹಾಕಿದ ಗಾಡಿ ಓಡಿಸಿದ್ದೇನೆ, ಮೇಸ್ತ್ರಿ ಹತ್ತಿರವೂ ಮಾಡಿಸಿದ್ದೇನೆ. ಮೂರರಲ್ಲಿ ನನಗೆ ಸರಿಬಂದಿದ್ದು ಕೊನೆಯದು.

ನಾನು ಹೇಳುತ್ತಿರುವುದು 2005ರಿಂದ 2016ರವರೆಗೆ ಬಂದ 2.5 ಡೀಸೆಲ್ ಇನೋವಾ ಬಗ್ಗೆ. ನಮ್ಮ ಬಿಡದಿಯಲ್ಲೇ ತಯಾರಾದ ಗಾಡಿ, 2ಕೆಡಿ ಎಂಜಿನ್. ಆಮೇಲೆ ಬಂದ ಇನೋವಾ ಕ್ರಿಸ್ಟಾಗೆ ಬೆಲ್ಟಿನ ಬದಲು ಚೈನ್ ಇದೆ, ಅವರಿಗೆ ಈ ತಲೆನೋವಿಲ್ಲ. ಪೆಟ್ರೋಲ್ ಇನೋವಾಗೂ ಚೈನೇ. ಕ್ವಾಲಿಸ್ ಇಟ್ಟುಕೊಂಡವರಿಗೆ ಬೆಲ್ಟ್ ವಿಷಯ ಗೊತ್ತೇ ಇರುತ್ತದೆ. ಕಷ್ಟ ಆಗುವುದು ಲಾರಿ ಓಡಿಸಿ ಈ ಕಡೆ ಬಂದವರಿಗೆ. ಟಾಟಾ 1613 ತರಹದ ಲಾರಿಯಲ್ಲಿ ಟೈಮಿಂಗ್ ಎಲ್ಲ ಗೇರಿನ ಮೇಲೆ ನಡೆಯುತ್ತದೆ. ಅಲ್ಲಿ ಬೆಲ್ಟ್ ಬದಲಿಸೋ ಮಾತೇ ಬರುವುದಿಲ್ಲ. ಹಾಗಾಗಿ ಇನೋವಾ ತಗೊಂಡ ಮೇಲೂ ಎಷ್ಟೋ ಜನಕ್ಕೆ ಅದು ಹೊಳೆಯುವುದೇ ಇಲ್ಲ.

ಎಷ್ಟಕ್ಕೆ ಬದಲಿಸಬೇಕು? ಇದೇ ಕೆಡಿ ಸಂಸಾರದ ಎಂಜಿನ್ ಇದ್ದ ಹೈಲಕ್ಸ್ ಪಿಕಪ್ಪಿಗೆ ಆಸ್ಟ್ರೇಲಿಯಾದಲ್ಲಿ 1,50,000 ಕಿ.ಮೀ. ಅಂತ ಲೆಕ್ಕ. ನಮ್ಮ ಕಡೆ ಮೇಸ್ತ್ರಿಗಳು ಒಂದು ಲಕ್ಷಕ್ಕೇ ಬಿಚ್ಚಿ ಅಂತಾರೆ. ನಾನು ಮೇಸ್ತ್ರಿಗಳ ಪರ. ಹಾಸನದಿಂದ ಧರ್ಮಸ್ಥಳ, ಸುಬ್ರಹ್ಮಣ್ಯ, ಮಂಗಳೂರು ಅಂತ ವರ್ಷವೆಲ್ಲ ಘಾಟಿಯಲ್ಲೇ ಓಡುವ ಗಾಡಿ ನಂದು. ಶಿರಾಡಿಯ ಧೂಳು, ಮಳೆ, ಎರಡನೇ ಗೇರಿನ ಏರು ಇದನ್ನೆಲ್ಲ ಕಿಲೋಮೀಟರ್ ಲೆಕ್ಕ ನೋಡುವುದಿಲ್ಲ ಅಲ್ವಾ.

ಬೆಲ್ಟ್ ಕಿತ್ತುಹೋದರೆ ಏನಾಗುತ್ತದೆ ಅಂತ ಉದ್ದ ಬರೆಯುವುದು ಬೇಡ. ಹದಿನಾರು ವಾಲ್ವ್, ಡೀಸೆಲ್ ಎಂಜಿನ್. ವಾಲ್ವ್ ತೆರೆಯುವ ಕ್ಯಾಮ್ ನಿಂತ ತಕ್ಷಣ ಪಿಸ್ಟನ್ ಬಂದು ವಾಲ್ವಿಗೆ ಹೊಡೆಯುತ್ತದೆ. ಹೆಡ್ ಇಳಿಸಬೇಕು.

ಈಗ ಮೀಟರಿನ ದೀಪದ ಬಗ್ಗೆ ಹೇಳಬೇಕು, ಯಾಕೆಂದರೆ ಸೆಕೆಂಡ್‌ಹ್ಯಾಂಡ್ ತಗೊಳ್ಳುವವರು ಮೋಸ ಹೋಗುವುದೇ ಅಲ್ಲಿ. ಮೀಟರಿನಲ್ಲಿ ಟಿ-ಬೆಲ್ಟ್ ಅಂತ ಒಂದು ದೀಪ ಇದೆ. ಅದು ಬೆಲ್ಟನ್ನು ನೋಡುವುದಿಲ್ಲ. ಬೆಲ್ಟ್ ಬಿರುಕು ಬಿಟ್ಟಿದೆಯಾ, ಎಣ್ಣೆ ಕುಡಿದಿದೆಯಾ ಅಂತ ಅದಕ್ಕೆ ಗೊತ್ತಾಗುವುದೂ ಇಲ್ಲ. ಸುಮ್ನೆ ಕಿಲೋಮೀಟರ್ ಎಣಿಸುತ್ತದೆ, ಲೆಕ್ಕ ತುಂಬಿದಾಗ ಹತ್ತಿಕೊಳ್ಳುತ್ತದೆ. ಅದನ್ನು ಮೀಟರಿನ ಬಟನ್ ಒತ್ತಿ ಆರಿಸಬಹುದು, ಬಾನೆಟ್ ತೆಗೆಯೋದೇ ಬೇಡ. ದೀಪ ಹತ್ತಿಲ್ಲ ಅಂದರೆ ಎರಡರಲ್ಲಿ ಒಂದು: ಬೆಲ್ಟ್ ಹೊಸದು, ಇಲ್ಲವೇ ಯಾರೋ ಬಟನ್ ಒತ್ತಿದ್ದಾರೆ. ಬಿಲ್ ಇಲ್ಲದೆ ಯಾವುದು ಅಂತ ಹೇಳೋಕಾಗಲ್ಲ.

ನಾನು ಎರಡನೇ ಗಾಡಿ ತಗೊಳ್ಳುವಾಗ ಓಡೋಮೀಟರ್ ಎರಡೂವರೆ ಲಕ್ಷ ದಾಟಿತ್ತು. ದೀಪ ಆರಿತ್ತು. ಬೆಲ್ಟ್ ಬದಲಿಸಿದ ಬಿಲ್ ಒಂದೂ ಇರಲಿಲ್ಲ. "ದೀಪ ಬಂದಿಲ್ಲ ಅಣ್ಣಾ, ಚಿಂತೆ ಬೇಡ" ಅಂದರು ಮಾರುವವರು. ಬೆಲ್ಟ್ ಹೊಸದು ಹಾಕಿಸಿ ಕೊಟ್ಟರೆ ಮಾತ್ರ ಅಡ್ವಾನ್ಸ್ ಅಂದೆ. ಒಪ್ಪಿದರು. ಹಳೇ ಬೆಲ್ಟನ್ನು ನನ್ನ ಕೈಗೆ ಕೊಡಬೇಕು ಅಂತಲೂ ಹೇಳಿದ್ದೆ, ಕೊಟ್ಟರು. ಅದನ್ನು ನೋಡಿ ಮೈ ಝುಂ ಅಂತು. ಬೆನ್ನ ಮೇಲಿನ ಅಕ್ಷರ ಪೂರ್ತಿ ಅಳಿಸಿ ಗಾಜಿನಷ್ಟು ನುಣುಪಾಗಿತ್ತು. ಒಂದು ಅಂಚಿನಲ್ಲಿ ನೂಲು ಎದ್ದಿತ್ತು. ಹಲ್ಲು ಹೊರಗೆ ಬರುವಂತೆ ಬಗ್ಗಿಸಿದರೆ, ಪ್ರತಿ ಹಲ್ಲಿನ ಬುಡದಲ್ಲೂ ಕೂದಲೆಳೆಯ ಬಿರುಕು ಬಾಯಿ ತೆರೆಯುತ್ತಿತ್ತು. ಅದೇ ಬೆಲ್ಟಿನ ಮೇಲೆ ಆ ಗಾಡಿ ಏಳು ಜನರನ್ನು ಕೂರಿಸಿಕೊಂಡು ಬಾಡಿಗೆಗೆ ಹೋಗುತ್ತಿತ್ತು.

ಅವರು ಹಾಕಿಸಿಕೊಟ್ಟಿದ್ದು ಮಾರ್ಕೆಟ್ ಕಿಟ್. ಒಂದೇ ಡಬ್ಬಿಯಲ್ಲಿ ಬೆಲ್ಟ್, ಐಡ್ಲರ್, ಟೆನ್ಷನರ್. ಹೆಸರು ಬೇಡ. ಬೆಲೆ ಕಂಪನಿ ಸಾಮಾನಿನ ಅರ್ಧಕ್ಕಿಂತ ಕಮ್ಮಿ.

ನನ್ನನ್ನು ತಿಂಗಳುಗಟ್ಟಲೆ ಕಾಡಿದ್ದು ಇದೇ ಕಿಟ್. ಬೆಲ್ಟ್ ಅಲ್ಲ, ಟೆನ್ಷನರ್.

ಶುರುವಾಗಿದ್ದು ಬೆಳಗಿನ ಹೊತ್ತಿನ ಸದ್ದಿನಿಂದ. ಗಾಡಿ ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಮುಂದುಗಡೆಯಿಂದ ಟರ್ ಟರ್ ಅಂತ ಒಂದು ಸಣ್ಣ ಕಟಕಟ. ಬಿಸಿಯಾದ ಮೇಲೆ ಹೋಗುತ್ತಿತ್ತು, ಇಲ್ಲವೇ ಡೀಸೆಲ್ ಸದ್ದಿನಲ್ಲಿ ಮುಚ್ಚಿಹೋಗುತ್ತಿತ್ತು. 2ಕೆಡಿ ಮೊದಲೇ ಮೆತ್ತಗಿನ ಎಂಜಿನ್ ಅಲ್ಲ. ಅದರಲ್ಲೂ ಇಂಜೆಕ್ಟರ್ ಹಳತಾದರೆ ಬೆಳಿಗ್ಗೆ ಸದ್ದು ಮಾಡುವುದು ಎಲ್ಲರಿಗೂ ಗೊತ್ತಿರುವ ವಿಷಯ. ಹಾಗಾಗಿ ತೋರಿಸಿದವರೆಲ್ಲ ಒಂದೇ ಮಾತು ಹೇಳಿದರು: ಇಂಜೆಕ್ಟರ್. ನಾಲ್ಕೂ ಇಳಿಸಿ ಟೆಸ್ಟ್ ಬೆಂಚಿಗೆ ಕಳಿಸಿದೆ. ಚೆನ್ನಾಗಿವೆ ಅಂತ ವಾಪಸ್ ಬಂದವು. ಒಬ್ಬರು ಟ್ಯಾಪೆಟ್ ಅಂದರು. ಇನ್ನೊಬ್ಬರು ಆಲ್ಟರ್ನೇಟರ್ ಬೇರಿಂಗ್ ಅಂದರು, ಅದನ್ನೂ ಬದಲಿಸಿದೆವು. ಸದ್ದು ಮಾತ್ರ ಹಾಗೇ ಇತ್ತು. ಬೆಲ್ಟ್ ಕಡೆ ಯಾರೂ ನೋಡಲಿಲ್ಲ, "ಅದು ಈಗ ತಾನೇ ಹೊಸದು ಹಾಕಿದ್ದಲ್ವಾ" ಅಂತ.

ಕೊನೆಗೆ ಹಿಡಿದಿದ್ದು ಹಾಸನದ ಹೊರಗೆ ಸಣ್ಣ ಶೆಡ್ ಇಟ್ಟುಕೊಂಡಿರುವ ಒಬ್ಬ ಮೇಸ್ತ್ರಿ. "ಗಾಡಿ ರಾತ್ರಿ ಇಲ್ಲೇ ಬಿಟ್ಟುಹೋಗಿ, ತಣ್ಣಗಿರುವಾಗ ನಾನೇ ಸ್ಟಾರ್ಟ್ ಮಾಡಬೇಕು" ಅಂದರು. ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಉದ್ದನೆಯ ಸ್ಕ್ರೂಡ್ರೈವರ್ ತಯಾರಿತ್ತು. ಹಿಡಿ ಕಿವಿಗೆ, ತುದಿ ಎಂಜಿನ್ನಿಗೆ. ಇಂಜೆಕ್ಟರ್ ಹತ್ತಿರ ಒಂದೊಂದಾಗಿ ಇಟ್ಟರು, ತಲೆ ಆಡಿಸಿದರು. ಬೆಲ್ಟ್ ಕವರಿನ ಪಕ್ಕ ಇಟ್ಟು, ನನ್ನನ್ನು ಕರೆದು ಕೇಳಿಸಿದರು. ಕಟಕಟ ಅಲ್ಲಿಂದಲೇ ಬರುತ್ತಿತ್ತು.

ಕವರ್ ಬಿಚ್ಚಿದಾಗ ಬೆಲ್ಟ್ ಚೆನ್ನಾಗಿಯೇ ಇತ್ತು. ಟೆನ್ಷನರಿನ ಕಡ್ಡಿ ಎಣ್ಣೆಯಲ್ಲಿ ಒದ್ದೆ. ಇದು ಹೈಡ್ರಾಲಿಕ್ ಟೆನ್ಷನರ್, ಒಳಗೆ ಎಣ್ಣೆ ತುಂಬಿದ ಒಂದು ಸಿಲಿಂಡರು, ಅದರ ಕಡ್ಡಿ ಬೆಲ್ಟಿನ ಬೇರಿಂಗನ್ನು ಸದಾ ಒತ್ತಿ ಹಿಡಿದಿರಬೇಕು. ಮೇಸ್ತ್ರಿ ಅದನ್ನು ಬಿಚ್ಚಿ ನನ್ನ ಕೈಗೆ ಕೊಟ್ಟು, ಗೋಡೆಗೆ ಒತ್ತಿ ನೋಡಿ ಅಂದರು. ಒತ್ತಿದೆ, ಕಡ್ಡಿ ಒಳಗೆ ಹೋಯಿತು. ಸರಿಯಿರುವ ಟೆನ್ಷನರ್ ಕೈಯ ಬಲಕ್ಕೆ ಜಗ್ಗುವುದಿಲ್ಲ. ಆಮೇಲೆ ಕಂಪನಿಯದನ್ನು ಕೈಯಲ್ಲಿ ಹಿಡಿದಾಗ ವ್ಯತ್ಯಾಸ ಇನ್ನೂ ಸ್ಪಷ್ಟವಾಯಿತು. ಅದು ಕಡ್ಡಿಯನ್ನು ಒಳಗೆ ಒತ್ತಿ, ಸಣ್ಣ ಪಿನ್ನು ಚುಚ್ಚಿಯೇ ಡಬ್ಬಿಯಲ್ಲಿ ಬರುತ್ತದೆ. ಎರಡು ಬೋಲ್ಟ್ ಬಿಗಿ ಮಾಡು, ಬೆಲ್ಟ್ ಕೂರಿಸು, ಪಿನ್ನು ಎಳೆ, ಅಷ್ಟೇ. ಪಿನ್ನು ಜಾರಿ ಕಡ್ಡಿ ಹೊರಗೆ ಬಂದುಬಿಟ್ಟರೆ, ವೈಸಿನಲ್ಲಿ ನೆಟ್ಟಗೆ ನಿಲ್ಲಿಸಿ ನಿಧಾನಕ್ಕೆ, ತುಂಬಾ ನಿಧಾನಕ್ಕೆ ಒತ್ತಿ ಮತ್ತೆ ಪಿನ್ನು ಹಾಕಬೇಕು. ಅವಸರ ಮಾಡಿದರೆ ಒಳಗಿನ ಸೀಲ್ ಹೋಗುತ್ತದೆ. ನನ್ನ ಗಾಡಿಯ ಕಿಟ್ಟಿನಲ್ಲಿ ಆಗಿದ್ದು ಕಳಪೆ ಸೀಲೋ, ಅವಸರದ ಕೈಯೋ, ಎರಡೂನೋ, ಅಂತೂ ಬೆಲ್ಟ್ ಸಡಿಲವಾಗಿ ಅಲ್ಲಾಡುತ್ತಿತ್ತು. ಇನ್ನಷ್ಟು ಸಡಿಲವಾಗಿ ಒಂದೆರಡು ಹಲ್ಲು ಹಾರಿದ್ದರೆ, ಬೆಲ್ಟ್ ಕಿತ್ತಷ್ಟೇ ನಷ್ಟ.

ಬರೀ ಬೆಲ್ಟ್ ಮಾತ್ರ ಬದಲಿಸಿ, ಟೆನ್ಷನರ್, ಐಡ್ಲರ್ ಹಳೇದೇ ಬಿಡುವವರೂ ಇದ್ದಾರೆ. ಎರಡೂವರೆ ಲಕ್ಷ ಓಡಿದ ಗಾಡಿಗೆ ಅದು ಬೇಡವೇ ಬೇಡ.

ಇನ್ನು ಷೋರೂಮು. ನನ್ನ ಮೊದಲನೇ ಇನೋವಾಗೆ ಅಲ್ಲೇ ಮಾಡಿಸಿದ್ದೆ. ಕೆಲಸದಲ್ಲಿ ಕೊರತೆ ಹೇಳೋ ಹಾಗಿಲ್ಲ, ಮುಂದಿನ ಬದಲಾವಣೆವರೆಗೂ ಸದ್ದಿಲ್ಲದೆ ಓಡಿತು. ಆದರೆ ಗಾಡಿ ಕೊಟ್ಟು ಲೌಂಜಿನಲ್ಲಿ ಕೂರಬೇಕು. ಯಾವ ಸಾಮಾನು ಬಂತು, ಯಾವುದು ಹೋಯಿತು, ಕಣ್ಣಿಗೆ ಬೀಳುವುದಿಲ್ಲ. ಹಳೇ ಬೆಲ್ಟ್ ಕೇಳಿದರೆ ಸ್ಕ್ರ್ಯಾಪಿಗೆ ಹೋಯಿತು ಅಂದರು. ಬಿಲ್ಲಿನಲ್ಲಿ ನಾನು ಹೇಳದ ಒಂದೆರಡು ಕ್ಲೀನಿಂಗ್ ಬಾಬತ್ತೂ ಇದ್ದವು. ಅದಕ್ಕಿಂತ ಹೆಚ್ಚಾಗಿ, ಬಾಡಿಗೆ ಗಾಡಿಯವನಿಗೆ ಸರದಿ ಕಾಯುವುದೇ ನಷ್ಟ. ಶನಿವಾರ-ಭಾನುವಾರ ಗಾಡಿ ಒಳಗೆ ನಿಂತರೆ ಆ ವಾರದ ಇಎಂಐ ಕೈಯಿಂದ ಕಟ್ಟಬೇಕು.

ನಿಜ ಹೇಳಬೇಕೆಂದರೆ ಈ ಎಂಜಿನ್ನಿನಲ್ಲಿ ಬೆಲ್ಟ್ ಕೆಲಸ ಭಯ ಪಡುವಂಥದ್ದೇ ಅಲ್ಲ, ಅದಕ್ಕೇ ಷೋರೂಮಿನ ಕೂಲಿ ನನಗೆ ಜಾಸ್ತಿ ಅನ್ನಿಸುವುದು. ಕೆಲವು ಎಂಜಿನ್ನುಗಳಲ್ಲಿ ಬೆಲ್ಟ್ ಕೆಳಗೆ, ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕಿನವರೆಗೂ ಇಳಿದಿರುತ್ತದೆ, ಕ್ರ್ಯಾಂಕ್ ಪುಲ್ಲಿ ಬಿಚ್ಚಲೇಬೇಕು. 2ಕೆಡಿಯಲ್ಲಿ ಕೆಳಗಿನ ಅರ್ಧ ಗೇರಿನ ಮೇಲೆ ಓಡುತ್ತದೆ. ಆ ಗೇರಿನಿಂದ ತಿರುಗುವ ಪುಲ್ಲಿಗೂ ಮೇಲಿನ ಕ್ಯಾಮ್ ಪುಲ್ಲಿಗೂ ನಡುವೆ ಮಾತ್ರ ಒಂದು ಚಿಕ್ಕ ಬೆಲ್ಟ್. ಕ್ರ್ಯಾಂಕ್ ಪುಲ್ಲಿ ಬಿಚ್ಚಬೇಕಾಗಿಲ್ಲ. ವಾಟರ್ ಪಂಪ್ ಕೂಡ ಈ ಬೆಲ್ಟಿನಲ್ಲಿಲ್ಲ, ಹೊರಗಿನ ಫ್ಯಾನ್ ಬೆಲ್ಟಿನಲ್ಲಿದೆ. ಹಾಗಾಗಿ "ಹೇಗಿದ್ದರೂ ಬಿಚ್ಚಿದ್ದೀವಿ, ವಾಟರ್ ಪಂಪೂ ಹಾಕಿಬಿಡೋಣ" ಅನ್ನುವ ಮಾತು ಇಲ್ಲಿಗೆ ಅನ್ವಯಿಸಲ್ಲ. ಕ್ಯಾಮಿನ ಆಯಿಲ್ ಸೀಲ್ ಒಸರುತ್ತಿದ್ದರೆ ಮಾತ್ರ ಅದನ್ನು ಇದರ ಜೊತೆಗೇ ಹಾಕಿಸಿ. ಎಣ್ಣೆ ತಾಗಿದರೆ ಹೊಸ ಬೆಲ್ಟೂ ಬಾಳುವುದಿಲ್ಲ.

ಶೆಡ್ಡಿನ ಮೇಸ್ತ್ರಿ ಮಾಡಿದ ರೀತಿ ನನಗೆ ಹಿಡಿಸಿತು. ಮೊದಲು ಸಾಮಾನಿನ ಚೀಟಿ ಬರೆದುಕೊಟ್ಟರು, ನೀವೇ ಕಂಪನಿ ಕೌಂಟರಿಗೆ ಹೋಗಿ ಚಾಸಿ ನಂಬರ್ ಹೇಳಿ ತನ್ನಿ ಅಂದರು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಇನ್ನೂ ಕಮ್ಮಿಗೆ ಸಿಗುತ್ತದೆ ಅಂತ ಸ್ನೇಹಿತರು ಹೇಳಿದ್ದರು. ಸಿಗುತ್ತದೆ, ಒಳ್ಳೇ ಅಂಗಡಿಗಳೂ ಇವೆ. ಆದರೆ ಡಬ್ಬಿ ನೋಡಿ ಅಸಲಿ ಯಾವುದು, ನಕಲಿ ಯಾವುದು ಅಂತ ಹೇಳುವ ಕಣ್ಣು ನನಗಿಲ್ಲ. ಟೆನ್ಷನರ್ ವಿಷಯದಲ್ಲಿ ಮತ್ತೆ ಪಣಕ್ಕಿಡಲು ಮನಸ್ಸೂ ಬರಲಿಲ್ಲ.

ಹಳೇ ಬೆಲ್ಟ್ ತೆಗೆಯುವ ಮೊದಲು ಗುರುತುಗಳನ್ನು ಸರಿಯಾಗಿ ಕೂರಿಸಿ, ಬಿಳಿ ಪೇಂಟಿನಲ್ಲಿ ಚುಕ್ಕೆ ಇಟ್ಟರು. ಹೊಸದು ಹಾಕಿ ಪಿನ್ನು ಎಳೆದ ಮೇಲೆ ಕೀ ಮುಟ್ಟಲಿಲ್ಲ. ಸ್ಪ್ಯಾನರಿನಲ್ಲಿ ಕ್ರ್ಯಾಂಕನ್ನು ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಿದರು. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದು ಸುತ್ತು. ಗುರುತು ಮತ್ತೆ ಎದುರುಬದುರು ನಿಂತರೆ ಮಾತ್ರ ಸ್ಟಾರ್ಟ್. ಇದನ್ನು ಮಾಡದೆ ನೇರ ಸೆಲ್ಫ್ ಹೊಡೆಯುವ ಕಡೆ ಗಾಡಿ ಬಿಡಬೇಡಿ. ಒಂದು ಹಲ್ಲು ತಪ್ಪಿದ್ದರೂ ಕೈಯಲ್ಲಿ ತಿರುಗಿಸುವಾಗ ಗೊತ್ತಾಗುತ್ತದೆ, ಸೆಲ್ಫಿನಲ್ಲಿ ಗೊತ್ತಾಗುವಷ್ಟರಲ್ಲಿ ಕೆಟ್ಟಿರುತ್ತದೆ. ಬೆಳಗಿನ ಕಟಕಟ ಅವತ್ತೇ ನಿಂತಿತು.

ದುಡ್ಡಿನ ವಿಷಯ. ಮೂರೂ ಸಾಮಾನು, ಕೂಲಿ ಎಲ್ಲ ಸೇರಿ ಹನ್ನೆರಡು ಸಾವಿರದ ಒಳಗೆ ಮುಗಿಯಿತು. ಷೋರೂಮಿಗಿಂತ ಸಾಕಷ್ಟು ಕಮ್ಮಿ, ಮಾರ್ಕೆಟ್ ಕಿಟ್ಟಿಗಿಂತ ಜಾಸ್ತಿ. ಒಂದು ಲಕ್ಷ ಕಿ.ಮೀ.ಗೆ ಹಂಚಿದರೆ ಕಿಲೋಮೀಟರಿಗೆ 12 ಪೈಸೆ. ಹಾಸನದಿಂದ ಮಂಗಳೂರಿಗೆ ಸುಮಾರು 170 ಕಿ.ಮೀ., ಅಂದರೆ ಒಂದು ಸಲ ಹೋಗೋಕೆ ಬೆಲ್ಟಿನ ಖರ್ಚು 20 ರೂಪಾಯಿ ಚಿಲ್ಲರೆ. ಕಿಟ್ಟಿನಲ್ಲಿ ಮಾರಿದವರಿಗೆ ಉಳಿದ ದುಡ್ಡು ನನ್ನ ಇಂಜೆಕ್ಟರ್ ಟೆಸ್ಟಿಗೇ ಸಾಲುತ್ತಿರಲಿಲ್ಲ.

ಷೋರೂಮಿಗೆ ಹೋಗಬೇಡಿ ಅಂತ ನಾನು ಹೇಳುತ್ತಿಲ್ಲ. ಸ್ವಂತಕ್ಕೆ ಇಟ್ಟುಕೊಂಡ ವೈಟ್ ಬೋರ್ಡ್ ಗಾಡಿ, ಒಂದೆರಡು ದಿನ ನಿಂತರೂ ಪರವಾಗಿಲ್ಲ, ಗುರುತಿನ ಮೇಸ್ತ್ರಿ ಯಾರೂ ಇಲ್ಲ ಅಂದರೆ ಅಲ್ಲೇ ಮಾಡಿಸಿ. ಮಾರುವಾಗ ಆ ಬಿಲ್ಲಿಗೆ ಬೆಲೆಯೂ ಇದೆ. ಯೆಲ್ಲೋ ಬೋರ್ಡಿನವರಿಗೆ, ತಮ್ಮ ಗಾಡಿಯನ್ನು ತಾವೇ ಓಡಿಸುವವರಿಗೆ ನನ್ನ ದಾರಿಯೇ ಸರಿ. ಮಾರ್ಕೆಟ್ ಕಿಟ್ಟೇ ಹಾಕುತ್ತೇವೆ ಅನ್ನುವವರು ಬೆಲ್ಟು, ಐಡ್ಲರ್ ಬೇಕಾದರೆ ಅದರದ್ದೇ ಹಾಕಿ, ಟೆನ್ಷನರ್ ಒಂದನ್ನಾದರೂ ಕಂಪನಿಯದು ತನ್ನಿ.

ಮತ್ತೆ, ಕೆಲಸ ಮುಗಿದ ದಿನವೇ ತಾರೀಖು, ಕಿಲೋಮೀಟರ್ ಬರೆದು ಬೆಲ್ಟ್ ಕವರಿನ ಮೇಲೆ ಅಂಟಿಸಿಬಿಡಿ. ಮೀಟರಿನ ದೀಪವನ್ನೂ ಅವತ್ತೇ ಸೊನ್ನೆಗೆ ತರಿಸಿ. ನಿಮ್ಮ ನಂತರ ಆ ಗಾಡಿ ತಗೊಳ್ಳುವವರಿಗೂ ಅದು ಬೇಕಾಗುತ್ತದೆ.