ಮೂರನೆಯ ಕಾರ್ಡ್ ಯಾವುದು? ಒಂದು ವರ್ಷದ ಲೆಕ್ಕ

ನನ್ನ ಪರ್ಸಿನಲ್ಲಿ ಮೊದಲೇ ಎರಡು ಕ್ರೆಡಿಟ್ ಕಾರ್ಡುಗಳಿದ್ದವು. ಒಂದು ಅಮೆಜಾನ್ ಪೇ ಐಸಿಐಸಿಐ. 2018ರಲ್ಲಿ ಬಂದ ಈ ಕಾರ್ಡಿಗೆ ವಾರ್ಷಿಕ ಶುಲ್ಕವಿಲ್ಲ. ಪ್ರೈಮ್ ಸದಸ್ಯರಿಗೆ ಅಮೆಜಾನ್ ಖರೀದಿಯಲ್ಲಿ ಶೇ 5, ಹೊರಗೆ ಹೆಚ್ಚಿನ ಕಡೆ ಶೇ 1 ವಾಪಸು. ಇನ್ನೊಂದು, ಸಂಬಳದ ಖಾತೆ ತೆರೆದಾಗ ಬ್ಯಾಂಕಿನವರೇ ಕೈಗಿತ್ತದ್ದು. ಅದರ ಹೆಸರು ಬೇಡ. ಏಳು ವರ್ಷ ಉಜ್ಜಿ ಕೂಡಿಸಿದ ರಿವಾರ್ಡ್ ಪಾಯಿಂಟುಗಳಲ್ಲಿ ಅರ್ಧ ಅವಧಿ ಮೀರಿ ಹೋಗಿ, ಉಳಿದದ್ದಕ್ಕೆ ಕೊನೆಗೆ ಬಂದದ್ದು ಒಂದು ಬೆಡ್‌ಶೀಟು, ಎರಡು ದಿಂಬಿನ ಕವರು. ಅದನ್ನು ಹಾಸಿದಾಗಲೆಲ್ಲ ನನ್ನ ಹೆಂಡತಿ, "ರೀ, ನಿಮ್ಮ ಏಳು ವರ್ಷದ ಸಂಪಾದನೆಯ ಮೇಲೆ ಕಾಫಿ ಚೆಲ್ಲಬೇಡಿ" ಎನ್ನುತ್ತಾಳೆ.

ಮೂರನೆಯ ಕಾರ್ಡಿನ ಯೋಚನೆ ಹುಟ್ಟಿದ್ದು 2025ರ ಫೆಬ್ರುವರಿಯಲ್ಲಿ, ತೆರಿಗೆಯ ಕಾಗದಪತ್ರ ಜೋಡಿಸುವಾಗ. ಮೂರು ತಿಂಗಳ ಸ್ಟೇಟ್‌ಮೆಂಟುಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು, ಮಗಳ ಹಳೆಯ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಖರ್ಚನ್ನು ಬಿಡಿಸಿ ಬರೆದೆ. ಬಾಡಿಗೆ, ಸಾಲದ ಕಂತು, ಶಾಲೆಯ ಶುಲ್ಕ ಬಿಟ್ಟು ತಿಂಗಳಿಗೆ ಸರಾಸರಿ ₹45,500. ಅಮೆಜಾನ್‌ನಲ್ಲಿ ₹6,000, ಬೇರೆ ಆನ್‌ಲೈನ್ ಖರೀದಿ (ಬಟ್ಟೆ, ಪುಸ್ತಕ, ಊರಿಗೆ ಹೋಗುವ ಬಸ್ಸಿನ ಟಿಕೆಟ್) ₹9,000, ಬಿಗ್‌ಬ್ಯಾಸ್ಕೆಟ್ ₹7,000, ಊಟ ತರಿಸಿದ್ದು ₹2,500, ಪೆಟ್ರೋಲು ₹3,000, ಬೆಸ್ಕಾಂ, ನೀರು, ಇಂಟರ್‌ನೆಟ್ ಸೇರಿ ₹4,000. ಇಷ್ಟಾದ ಮೇಲೂ ₹14,000 ಉಳಿಯಿತು. ಅದು ದಿನಸಿ ಅಂಗಡಿ, ಔಷಧದ ಅಂಗಡಿ, ಹಣ್ಣು, ತರಕಾರಿ, ಬೇಕರಿ ಎಂದು ಉಳಿತಾಯ ಖಾತೆಯಿಂದ ಯುಪಿಐ ಮೂಲಕ ಹರಿದುಹೋದ ದುಡ್ಡು. ಅದಕ್ಕೆ ಒಂದು ಪೈಸೆಯೂ ವಾಪಸು ಬರುತ್ತಿರಲಿಲ್ಲ.

ಹೊಸ ಕಾರ್ಡು ಎಷ್ಟು ಕೊಡುತ್ತದೆ ಎಂದು ನೋಡಿದರೆ ಸಾಲದು, ಇರುವ ಕಾರ್ಡಿಗಿಂತ ಎಷ್ಟು ಹೆಚ್ಚು ಕೊಡುತ್ತದೆ ಎಂದು ನೋಡಬೇಕು. ಶೇ 5 ಎಂದು ದೊಡ್ಡ ಅಕ್ಷರದಲ್ಲಿ ಬರೆದಿದ್ದರೂ ಆ ಖರ್ಚಿಗೆ ನನ್ನ ಹಳೆಯ ಕಾರ್ಡು ಈಗಾಗಲೇ ಶೇ 1 ಕೊಡುತ್ತಿದ್ದರೆ ನನಗೆ ನಿಜವಾಗಿ ಸಿಗುವುದು ಶೇ 4. ನೋಟ್‌ಬುಕ್ಕಿನಲ್ಲಿ ಇದಕ್ಕೆಂದೇ ಒಂದು ಕಾಲಂ ಎಳೆದೆ.

ಪೆಟ್ರೋಲಿಗೆ ಬೇರೆ ಕಾರ್ಡ್ ಮಾಡಿಸುವ ಆಸೆಯನ್ನು ಮೊದಲೇ ಬಿಟ್ಟೆ. ಒಂದು ಸ್ಕೂಟರ್, ವಾರಾಂತ್ಯಕ್ಕಷ್ಟೇ ಹೊರಡುವ ಒಂದು ಹಳೆಯ ಕಾರು ಇರುವ ಮನೆಗೆ ಅದು ಅತಿಯಾಯಿತು. ವಿದ್ಯುತ್, ನೀರಿನ ಬಿಲ್ಲುಗಳು ಅಮೆಜಾನ್ ಪೇ ದಾರಿಯಲ್ಲೇ ಇರಲಿ ಎಂದುಕೊಂಡೆ. ಕಣದಲ್ಲಿ ಉಳಿದದ್ದು ಮೂರು: ಎಸ್‌ಬಿಐ ಕ್ಯಾಶ್‌ಬ್ಯಾಕ್ ಕಾರ್ಡ್, ಎಚ್‌ಡಿಎಫ್‌ಸಿಯ ಟಾಟಾ ನ್ಯೂ ಇನ್ಫಿನಿಟಿ (ರೂಪೇ), ಎಚ್‌ಡಿಎಫ್‌ಸಿಯದೇ ಸ್ವಿಗ್ಗಿ ಕಾರ್ಡ್. ನಮ್ಮ ಸಾಲದ ಇತಿಹಾಸ ಹೇಳುವ ಕ್ರೆಡಿಟ್ ವರದಿಯಲ್ಲಿ ಪ್ರತಿ ಅರ್ಜಿಯೂ ವಿಚಾರಣೆಯಾಗಿ ದಾಖಲಾಗುತ್ತದೆ, ಎಲ್ಲವನ್ನೂ ಒಟ್ಟಿಗೆ ಹಾಕಿದರೆ ಸಾಲಕ್ಕೆ ಅವಸರಪಡುವವರಂತೆ ಕಾಣುತ್ತೇವೆ. ಹಾಗಾಗಿ ಎಸ್‌ಬಿಐ ನನ್ನ ಹೆಸರಿನಲ್ಲಿ ಮಾರ್ಚ್‌ನಲ್ಲಿ, ಟಾಟಾ ನ್ಯೂ ಹೆಂಡತಿಯ ಹೆಸರಿನಲ್ಲಿ ಏಪ್ರಿಲ್‌ನಲ್ಲಿ, ಸ್ವಿಗ್ಗಿ ಮತ್ತೆ ನನ್ನ ಹೆಸರಿನಲ್ಲಿ ಆಗಸ್ಟ್‌ನಲ್ಲಿ. ಮುಂದೆ ಬರುವ ದರಗಳು ನಾವು ಬಳಸಿದ ಕಾಲದವು. ಈ ಕಾರ್ಡುಗಳ ನಿಯಮ ಆಗಾಗ ಬದಲಾಗುತ್ತಿರುತ್ತದೆ, ಅರ್ಜಿ ಹಾಕುವ ದಿನ ಮತ್ತೊಮ್ಮೆ ನೋಡಿಕೊಳ್ಳುವುದು ಕ್ಷೇಮ.

ಎಸ್‌ಬಿಐ ಕ್ಯಾಶ್‌ಬ್ಯಾಕ್ ಬಗ್ಗೆ ಹೇಳಲು ಹೆಚ್ಚೇನಿಲ್ಲ, ಅದೇ ಅದರ ಗುಣ. ಯಾವ ಜಾಲತಾಣವಾದರೂ ಸರಿ, ಆನ್‌ಲೈನ್ ಖರೀದಿಗೆ ಶೇ 5. ಅಂಗಡಿಯಲ್ಲಿ ಉಜ್ಜಿದರೆ ಶೇ 1. ತಿಂಗಳ ಗರಿಷ್ಠ ಮಿತಿ ಆಗ ₹5,000 ಇತ್ತು, ನಮ್ಮಂಥವರು ಅದರ ಹತ್ತಿರಕ್ಕೂ ಹೋಗುವುದಿಲ್ಲ. ಪಾಯಿಂಟು, ಕ್ಯಾಟಲಾಗು, ವೋಚರು ಏನೂ ಇಲ್ಲ. ಸ್ಟೇಟ್‌ಮೆಂಟ್ ಬಂದ ಎರಡು ದಿನಕ್ಕೆ ದುಡ್ಡು ತಾನಾಗಿ ಕಾರ್ಡಿನ ಲೆಕ್ಕಕ್ಕೆ ಜಮೆ. ಬೆಡ್‌ಶೀಟಿನ ಗಾಯ ಇನ್ನೂ ಹಸಿಯಾಗಿದ್ದ ನನಗೆ ಇದು ಹಿತವಾಯಿತು. ಆದರೆ ಬಿಟ್ಟುಹೋದವುಗಳ ಪಟ್ಟಿ ಉದ್ದವಿದೆ: ವಿದ್ಯುತ್-ನೀರಿನ ಬಿಲ್ಲು, ವಿಮೆಯ ಕಂತು, ಬಾಡಿಗೆ, ಪೆಟ್ರೋಲು, ಶಾಲೆಯ ಶುಲ್ಕ, ಆಭರಣ, ರೈಲಿನ ಟಿಕೆಟ್, ವ್ಯಾಲೆಟ್‌ಗೆ ತುಂಬುವ ಹಣ. ಮನೆಯ ದೊಡ್ಡ ಖರ್ಚುಗಳೆಲ್ಲ ಇದರಲ್ಲೇ ಬಂದುಹೋದವು.

ನಮ್ಮ ಲೆಕ್ಕದಲ್ಲಿ ₹9,000 ಆನ್‌ಲೈನ್, ₹7,000 ಬಿಗ್‌ಬ್ಯಾಸ್ಕೆಟ್, ಎರಡೂ ಸೇರಿ ₹16,000ಕ್ಕೆ ತಿಂಗಳಿಗೆ ₹800. ಹಳೆಯ ಕಾರ್ಡಿನಲ್ಲಿ ಇದಕ್ಕೆ ₹160 ಬರುತ್ತಿತ್ತು, ಆದ್ದರಿಂದ ನಿಜವಾದ ಲಾಭ ₹640. ವರ್ಷಕ್ಕೆ ₹7,680. ಶುಲ್ಕ ₹999, ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿ ₹1,179. ಕಳೆದರೂ ₹6,500 ಕೈಗೆ ಉಳಿಯುತ್ತದೆ.

ವರ್ಷಕ್ಕೆ ₹2 ಲಕ್ಷ ಖರ್ಚು ಮಾಡಿದರೆ ಮುಂದಿನ ವರ್ಷದ ಶುಲ್ಕ ಮನ್ನಾ. ತಿಂಗಳಿಗೆ ₹16,000 ಎಂದರೆ ಹನ್ನೆರಡು ತಿಂಗಳಿಗೆ ₹1,92,000, ಅಂದರೆ ₹8,000 ಕಡಿಮೆ! ಹನ್ನೊಂದನೆಯ ತಿಂಗಳಲ್ಲಿ ಈ ಅಂಕಿಯನ್ನು ನೋಡಿದಾಗ, ₹1,179 ಉಳಿಸಲು ₹8,000ದ ಯಾವ ವಸ್ತು ಕೊಳ್ಳಬಹುದು ಎಂದು ನಾನು ಒಂದು ಸಂಜೆಯೆಲ್ಲ ಹುಡುಕಿದ್ದೇನೆ ಎಂಬುದನ್ನು ಒಪ್ಪಿಕೊಳ್ಳಬೇಕು. ಪುಣ್ಯಕ್ಕೆ ಅದೇ ವಾರ ನಮ್ಮ ಮಿಕ್ಸಿ ಚಟ್ನಿ ಅರೆಯುತ್ತಲೇ ಸುಟ್ಟ ವಾಸನೆ ಬಿಟ್ಟು ನಿಂತಿತು. ಅದೊಂದು ಕೊಂಡು, ಬೇಸಿಗೆ ರಜೆಯ ಹೋಟೆಲ್ ಕೋಣೆಯನ್ನು ಮುಂಚೆಯೇ ಕಾಯ್ದಿರಿಸಿ ಗಡಿ ದಾಟಿದೆ. ಮಿಕ್ಸಿ ಕೆಡದಿದ್ದರೆ ಶುಲ್ಕ ಕಟ್ಟಿ ಸುಮ್ಮನಿರುವುದೇ ಬುದ್ಧಿವಂತಿಕೆಯಾಗುತ್ತಿತ್ತು.

ಟಾಟಾ ನ್ಯೂ ಕಡೆಗೆ ಹೆಂಡತಿ ಒಲಿದದ್ದು ಆ ₹14,000ಕ್ಕಾಗಿ. ರೂಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಲು 2022ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ ಹಾದಿ ತೆರೆಯಿತು. ಸೆಪ್ಟೆಂಬರ್‌ನಲ್ಲಿ ಸೇವೆ ಶುರುವಾಯಿತು. ವೀಸಾ, ಮಾಸ್ಟರ್‌ಕಾರ್ಡ್‌ಗಳಿಗೆ ಈ ಸೌಲಭ್ಯವಿಲ್ಲದ್ದರಿಂದ ಕಾರ್ಡಿನ ಮೇಲೆ ರೂಪೇ ಚಿಹ್ನೆ ಇರಲೇಬೇಕು. ಟಾಟಾ ನ್ಯೂ ಆ್ಯಪ್‌ನ ಯುಪಿಐ ಬಳಸಿದರೆ ಶೇ 1.5, ಬೇರೆ ಆ್ಯಪ್‌ನಿಂದ ಸ್ಕ್ಯಾನ್ ಮಾಡಿದರೆ ಶೇ 0.5. ಬಿಗ್‌ಬ್ಯಾಸ್ಕೆಟ್, ಕ್ರೋಮಾ, 1ಎಂಜಿಗಳಂಥ ಟಾಟಾ ಬಳಗದಲ್ಲಿ ಶೇ 5. ಬರುವುದು ನ್ಯೂಕಾಯಿನ್, ಒಂದಕ್ಕೆ ಒಂದು ರೂಪಾಯಿ ಬೆಲೆ, ಆದರೆ ಅದು ನಡೆಯುವುದು ಆ ಬಳಗದೊಳಗೆ ಮಾತ್ರ. ನಮಗೆ ಬಿಗ್‌ಬ್ಯಾಸ್ಕೆಟ್ ವಾರವಾರವೂ ಬೇಕು, ಹಾಗಾಗಿ ಅದು ನಗದಲ್ಲ ಎಂಬ ಕೊರತೆ ಕಾಡಲಿಲ್ಲ.

ಹನುಮಂತನಗರದ ನಮ್ಮ ಬೀದಿಯಲ್ಲಿ ಅದು ಹೇಗೆ ನಡೆಯಿತು ಎಂಬುದೇ ಕಥೆ. ಔಷಧದ ಅಂಗಡಿಯಲ್ಲಿ ತಕರಾರಿಲ್ಲದೆ ಹೋಯಿತು. ಬೇಕರಿಯಲ್ಲೂ ಸರಿ, ಸೌಂಡ್‌ಬಾಕ್ಸ್ ಎಂದಿನಂತೆ ಕೂಗಿತು, ದುಡ್ಡು ಕಾರ್ಡಿನಿಂದ ಬಂದಿದ್ದು ಎಂಬುದು ಅದಕ್ಕೆ ಗೊತ್ತೇ ಇಲ್ಲ. ದಿನಸಿ ಅಂಗಡಿಯಲ್ಲಿ ತಿಂಗಳ ಸಾಮಾನಿಗೆ ₹3,200 ಆಯಿತು. ಹೆಂಡತಿ ಸ್ಕ್ಯಾನ್ ಮಾಡುವ ಮೊದಲೇ ಅಂಗಡಿಯವರು, "ಅಮ್ಮಾ, ಕ್ರೆಡಿಟ್ ಕಾರ್ಡಿನದಾದರೆ ಎರಡು ಸಾವಿರದ ಒಳಗೆ ಎರಡು ಸಲ ಹಾಕಿ, ಮೇಲೆ ಹೋದರೆ ನನಗೆ ಕಟಾವಾಗುತ್ತದೆ" ಎಂದರು. ಅವರು ಹೇಳಿದ್ದು ಸರಿ. ಸಣ್ಣ ವ್ಯಾಪಾರಿಗಳಿಗೆ ₹2,000ದವರೆಗಿನ ಇಂಥ ಪಾವತಿಗೆ ಶುಲ್ಕವಿಲ್ಲ, ಅದಕ್ಕಿಂತ ಹೆಚ್ಚಿನದಕ್ಕೆ ಉಂಟು. ನೂರಕ್ಕೆ ಒಂದೂವರೆ ರೂಪಾಯಿಯ ನಮ್ಮ ಆಸೆಗೆ ಅವರ ಲಾಭ ಕತ್ತರಿಸುವುದು ತಪ್ಪೆಂದು ಅಂದಿನಿಂದ ಬಿಲ್ಲನ್ನು ಒಡೆದೇ ಕೊಡುತ್ತೇವೆ.

ಗಾಂಧಿ ಬಜಾರಿನ ಹೂವಿನವರ ಬಳಿ ಕಥೆಯೇ ಬೇರೆ. ಎರಡು ಮೊಳ ಮಲ್ಲಿಗೆ, ಕ್ಯೂಆರ್ ಚೀಟಿ ಬುಟ್ಟಿಯ ಅಂಚಿಗೆ ದಾರದಿಂದ ಕಟ್ಟಿತ್ತು. ಸ್ಕ್ಯಾನ್ ಮಾಡಿದರೆ ಪರದೆಯಲ್ಲಿ ಉಳಿತಾಯ ಖಾತೆ ಎದ್ದು ಕಾಣುತ್ತದೆ, ಕೆಳಗಿರುವ ಕ್ರೆಡಿಟ್ ಕಾರ್ಡ್ ಮಸುಕಾಗಿ, ಒತ್ತಿದರೂ ಮಿಸುಕುವುದಿಲ್ಲ. ಆ ಕ್ಯೂಆರ್ ಹೂವಿನಾಕೆಯ ಮಗನ ಸ್ವಂತ ಖಾತೆಯದು, ವ್ಯಾಪಾರದ ಖಾತೆಯಲ್ಲ. ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸುವ ದುಡ್ಡಿಗೆ ಕ್ರೆಡಿಟ್ ಕಾರ್ಡ್ ನಡೆಯುವುದಿಲ್ಲ. ಹೀಗೆ ನೋಡುತ್ತಾ ಹೋದರೆ ₹14,000ದಲ್ಲಿ ಕಾರ್ಡ್ ಹೋದದ್ದು ₹8,000ಕ್ಕೆ ಮಾತ್ರ.

ಅಷ್ಟರಲ್ಲಿ ಜುಲೈ ಬಂತು. ಯುಪಿಐ ವಹಿವಾಟಿನ ಮೊತ್ತವನ್ನು ಆಧರಿಸಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ್ದು, ಬೆಂಗಳೂರಿನ ಅಂಗಡಿಗಳಲ್ಲಿ 'ಯುಪಿಐ ಇಲ್ಲ, ನಗದು ಮಾತ್ರ' ಎಂಬ ಚೀಟಿಗಳು ಎದ್ದದ್ದು ನೆನಪಿರಬಹುದು. ನಮ್ಮ ಬೇಕರಿಯವರು ಕ್ಯೂಆರ್ ಮೇಲೆ ಹಳೆಯ ಕ್ಯಾಲೆಂಡರಿನ ಹಾಳೆಯನ್ನೇ ಅಂಟಿಸಿಬಿಟ್ಟರು. ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳೊಂದಿಗೆ ಮಾತುಕತೆ ನಡೆಸಿದ ಮೇಲೆ ಮುಷ್ಕರದ ಕರೆ ತಣ್ಣಗಾಯಿತು, ಕ್ಯಾಲೆಂಡರಿನ ಹಾಳೆ ಕೆಳಗಿಳಿಯಲು ಇನ್ನೂ ಕೆಲವು ವಾರ ಹಿಡಿಯಿತು. ಆ ಹೊತ್ತಿನಲ್ಲಿ ಪರ್ಸಿನಲ್ಲಿದ್ದ ಯಾವ ಕಾರ್ಡೂ ಎರಡು ಬನ್ನಿನ ಕೆಲಸಕ್ಕೆ ಬರಲಿಲ್ಲ. ಎಟಿಎಂ ಮುಂದೆ ಸಾಲಿನಲ್ಲಿ ನಿಂತು ಬಹಳ ಕಾಲವಾಗಿತ್ತು.

ಇನ್ನು ಅಂಕಿ. ಬಿಗ್‌ಬ್ಯಾಸ್ಕೆಟ್‌ನಲ್ಲಿ ಹಳೆಯ ಕಾರ್ಡಿಗಿಂತ ₹280 ಹೆಚ್ಚು, ಯುಪಿಐನಲ್ಲಿ ₹120. ತಿಂಗಳಿಗೆ ₹400, ವರ್ಷಕ್ಕೆ ₹4,800. ಶುಲ್ಕ ₹1,499, ಜಿಎಸ್‌ಟಿ ಸೇರಿ ₹1,769. ಮೊದಲ ವರ್ಷ ಶುಲ್ಕದಷ್ಟೇ ನ್ಯೂಕಾಯಿನ್ ಸ್ವಾಗತದ ಹೆಸರಿನಲ್ಲಿ ಬಂದದ್ದರಿಂದ ಹೊರೆ ಅನಿಸಲಿಲ್ಲ. ಎರಡನೆಯ ವರ್ಷದಿಂದ ಅದಿಲ್ಲ, ಮನ್ನಾ ಆಗಲು ₹3 ಲಕ್ಷ ಖರ್ಚಾಗಬೇಕು. ಬಿಗ್‌ಬ್ಯಾಸ್ಕೆಟ್ ಪೂರ್ತಿ ಇದರಲ್ಲೇ ಹೋದರೂ ನಾವು ₹1,80,000ಕ್ಕೆ ನಿಲ್ಲುವವರು. ಆದರೂ ಒಂಟಿಯಾಗಿ ನೋಡಿದರೆ ₹3,000 ಲಾಭವೇ. ಸಿಕ್ಕು ಇರುವುದು ಇಲ್ಲಿ: ಎಸ್‌ಬಿಐ ಕಾರ್ಡ್ ಪಕ್ಕದಲ್ಲೇ ಇದ್ದರೆ ಬಿಗ್‌ಬ್ಯಾಸ್ಕೆಟ್‌ಗೆ ಅದೂ ಶೇ 5 ಕೊಡುತ್ತದೆ. ಆಗ ಟಾಟಾ ನ್ಯೂ ಹೊಸದಾಗಿ ತರುವುದು ಯುಪಿಐನ ₹120 ಮಾತ್ರ. ವರ್ಷಕ್ಕೆ ₹1,440 ಆದಾಯ, ₹1,769 ಶುಲ್ಕ, ₹329 ನಷ್ಟ.

ಸ್ವಿಗ್ಗಿ ಕಾರ್ಡಿನ ಲೆಕ್ಕ ಚಿಕ್ಕದು. ಸ್ವಿಗ್ಗಿಯಲ್ಲಿ ಶೇ 10, ಕೆಲವು ಬಗೆಯ ಆನ್‌ಲೈನ್ ಖರೀದಿಗೆ ಶೇ 5, ಮಿಕ್ಕದ್ದಕ್ಕೆ ಶೇ 1. ಶುಲ್ಕ ₹500 ಮತ್ತು ಜಿಎಸ್‌ಟಿ. ಮೂರರಲ್ಲಿ ಅತಿ ದೊಡ್ಡ ಅಂಕಿ ಇದರದ್ದೇ. ನಾವು ತಿಂಗಳಿಗೆ ₹2,500ರ ಊಟ ತರಿಸುತ್ತಿದ್ದವರು, ಎರಡನೆಯ ತಿಂಗಳು ₹3,400ಕ್ಕೆ ಹೋದೆವು, ಮೂರನೆಯ ತಿಂಗಳು ₹4,700ಕ್ಕೆ. "ಅಪ್ಪ, ಹತ್ತು ಪರ್ಸೆಂಟ್ ವಾಪಸು ಬರುತ್ತದಲ್ಲ" ಎನ್ನುವುದನ್ನು ಮಗಳು ಬೇಗ ಕಲಿತಳು. ನಾನೂ ಅದನ್ನೇ ನನಗೆ ಹೇಳಿಕೊಂಡು ಮಸಾಲೆ ದೋಸೆ ತರಿಸಿದೆ, ಡಬ್ಬಿಯಲ್ಲಿ ಬೆವರಿ ಮೆತ್ತಗಾದ ದೋಸೆ. ₹470 ವಾಪಸು ಪಡೆಯಲು ₹2,200 ಹೆಚ್ಚು ತಿಂದಿದ್ದೆವು. ಕಾರ್ಡಿನಲ್ಲಿ ದೋಷವಿಲ್ಲ, ಚಪಲ ನಮ್ಮದು. ಒಂಟಿಯಾಗಿದ್ದು ದಿನವೂ ಹೊರಗಿನಿಂದ ತರಿಸಿ ಉಣ್ಣುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ನಾಲ್ಕನೆಯ ತಿಂಗಳು ಬಾಕಿ ತೀರಿಸಿ, ಮುಚ್ಚಲು ಕೋರಿಕೆ ಕಳಿಸಿದೆ. ಬಾಕಿಯಿಲ್ಲದ ಕಾರ್ಡನ್ನು ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು, ತಪ್ಪಿದರೆ ದಿನಕ್ಕೆ ₹500 ಗ್ರಾಹಕರಿಗೆ ಕೊಡಬೇಕು ಎಂಬುದು ರಿಸರ್ವ್ ಬ್ಯಾಂಕ್ 2022ರಲ್ಲಿ ತಂದ ನಿಯಮ. ಐದನೆಯ ದಿನವೇ ಸಂದೇಶ ಬಂತು.

ಇನ್ನೊಂದು ಲೆಕ್ಕವನ್ನೂ ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದಿಟ್ಟಿದ್ದೇನೆ. ₹20,000 ಬಾಕಿಯನ್ನು ಒಂದು ತಿಂಗಳು ಹಾಗೇ ಬಿಟ್ಟರೆ, ಶೇ 3.75ರ ಬಡ್ಡಿಯಂತೆ ₹750, ಜಿಎಸ್‌ಟಿ ಸೇರಿ ₹885. ಎಸ್‌ಬಿಐ ಕಾರ್ಡ್ ತಿಂಗಳೆಲ್ಲ ಕೂಡಿಸಿ ಕೊಟ್ಟ ₹800 ಅಲ್ಲಿಗೆ ಮುಗಿಯಿತು. ಅದಕ್ಕೇ ಎಲ್ಲ ಕಾರ್ಡುಗಳಿಗೂ ಪೂರ್ತಿ ಬಾಕಿ ತಾನಾಗಿ ಕಡಿತವಾಗುವಂತೆ ಮಾಡಿದ್ದೇನೆ, ಸ್ವಲ್ಪವಷ್ಟೇ ಕಟ್ಟಿ ಉಳಿದದ್ದನ್ನು ಬಡ್ಡಿಗೆ ಬಿಡುವ 'ಮಿನಿಮಮ್ ಡ್ಯೂ' ಎಂಬ ಆಯ್ಕೆಯನ್ನು ಮುಟ್ಟಿಲ್ಲ.

ಹಾಗಾದರೆ ಉಳಿದದ್ದು ಎಸ್‌ಬಿಐ ಒಂದೇ, ಅಂಕಿಯ ಪ್ರಕಾರ. ಈ ತೀರ್ಪನ್ನು ಹೆಂಡತಿಯ ಮುಂದಿಟ್ಟು, ನವೀಕರಣಕ್ಕೆ ಮೊದಲೇ ನಿನ್ನ ಟಾಟಾ ನ್ಯೂ ಮುಚ್ಚೋಣ ಎಂದೆ. ಅವಳು ಮೊಬೈಲ್ ತೆಗೆದು ತನ್ನ ಉಳಿತಾಯ ಖಾತೆಯ ವಿವರ ತೋರಿಸಿದಳು. ಹಿಂದಿನ ವರ್ಷ ಪುಟಗಟ್ಟಲೆ ₹20, ₹45, ₹110 ಎಂದು ಇರುವೆ ಸಾಲಿನಂತಿದ್ದ ಪಟ್ಟಿ ಈಗ ತಿಂಗಳಿಗೆ ಎರಡು ಪುಟಕ್ಕೆ ಇಳಿದಿದೆ. ಅಂಗಡಿಗಳ ಖರ್ಚೆಲ್ಲ ಕಾರ್ಡಿನ ಒಂದೇ ಬಿಲ್ಲಿನಲ್ಲಿ, ತಿಂಗಳಿಗೊಮ್ಮೆ. "ರೀ, ವರ್ಷಕ್ಕೆ ಮುನ್ನೂರ ಇಪ್ಪತ್ತೊಂಬತ್ತು ರೂಪಾಯಿಗೆ ಇಷ್ಟು ಚೊಕ್ಕವಾಗಿ ಲೆಕ್ಕ ಬರೆದುಕೊಡುವ ಗುಮಾಸ್ತ ಸಿಗುತ್ತಾನೆಯೇ?" ಎಂದಳು. ನನ್ನ ನೋಟ್‌ಬುಕ್ಕಿನಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಏಪ್ರಿಲ್‌ನಲ್ಲಿ ₹1,769 ಕಟ್ಟುವುದೆಂದು ತೀರ್ಮಾನವಾಗಿದೆ. ಹೂವಿನಾಕೆಗೆ ಮಾತ್ರ ಚಿಲ್ಲರೆ ಒಯ್ಯುತ್ತೇವೆ.